ಟ್ರ್ಯಾಕ್ ಕಾರಿಗೆ ರೇಸಿಂಗ್ ಸೀಟು ಕೂರಿಸಿದ ಅನುಭವ

ಟ್ರ್ಯಾಕ್‌ನಲ್ಲಿ ಮಾತ್ರ ಓಡಿಸುವ ನನ್ನ ಕಾರಿಗೆ ಹಿಡಿತ ಹೆಚ್ಚಿರುವ ಟೈರುಗಳನ್ನು ಹಾಕಿಸಿದ ಮೇಲೆ ಹಳೆಯ ಸೀಟಿನ ಕೊರತೆ ಎದ್ದು ಕಾಣತೊಡಗಿತು. ತಿರುವಿನಲ್ಲಿ ಕಾರು ನೆಲವನ್ನು ಗಟ್ಟಿಯಾಗಿ ಕಚ್ಚಿಕೊಂಡಷ್ಟೂ ಒಳಗೆ ಕುಳಿತ ನಾನು ಹೊರಬದಿಗೆ ಜಾರುತ್ತಿದ್ದೆ. ಒಂದು ಮೊಣಕಾಲನ್ನು ಬಾಗಿಲಿಗೋ ನಡುವಿನ ಕನ್ಸೋಲಿಗೋ ಒತ್ತಿ ಹಿಡಿಯಬೇಕಾಗುತ್ತಿತ್ತು, ಕೈಗಳು ಸ್ಟೀರಿಂಗ್ ತಿರುಗಿಸುವುದರ ಜೊತೆಗೆ ದೇಹದ ಭಾರಕ್ಕೂ ಆಸರೆಯಾಗಬೇಕಾಗುತ್ತಿತ್ತು. ಸ್ಟೀರಿಂಗ್ ಚಕ್ರಕ್ಕೆ ಜೋತುಬಿದ್ದ ಕೈಗೆ ಮುಂದಿನ ಟೈರುಗಳು ಹಿಡಿತ ಕಳೆದುಕೊಳ್ಳುವ ಸೂಕ್ಷ್ಮ ತಿಳಿಯುವುದಿಲ್ಲ. ಎಂಜಿನ್ನಿಗೋ ಸಸ್ಪೆನ್ಶನ್ನಿಗೋ ಇನ್ನಷ್ಟು ಖರ್ಚು ಮಾಡುವ ಮೊದಲು ಚಾಲಕನನ್ನು ಅವನ ಜಾಗದಲ್ಲಿ ಅಲುಗಾಡದಂತೆ ಕೂರಿಸಬೇಕೆಂದು ನಿರ್ಧರಿಸಿದ್ದು ಆಗಲೇ.

ಸೀಟಿನ ಆಯ್ಕೆಗೆ ನಾನು ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. ಸೊಂಟದ ಅಗಲ, ತೊಡೆಯ ಉದ್ದ, ಕುಳಿತಾಗ ಆಸನದಿಂದ ಭುಜದವರೆಗಿನ ಎತ್ತರ, ಈ ಮೂರನ್ನು ಅಳೆದುಕೊಂಡು ತಯಾರಕರು ಕೊಡುವ ನಕ್ಷೆಗಳೊಡನೆ ಹೋಲಿಸಿದೆ. ಬಣ್ಣ, ಹೊಲಿಗೆ ನೋಡುವ ಮುನ್ನ ಹಿಂಭಾಗದಲ್ಲಿ ಅಂಟಿಸಿರುವ ಎಫ್‌ಐಎ (ಮೋಟಾರು ಕ್ರೀಡೆಯ ಅಂತರರಾಷ್ಟ್ರೀಯ ಸಂಸ್ಥೆ) ಲೇಬಲ್ ನೋಡಿದೆ. 8855-1999 ಮಾನದಂಡದ ಸೀಟಿಗೆ ತಯಾರಾದಂದಿನಿಂದ 5 ವರ್ಷ, 8862-2009ರ ಸೀಟಿಗೆ 10 ವರ್ಷ ಮಾನ್ಯತೆ ಇರುತ್ತದೆ. ಬಹಳ ದಿನ ಗೋದಾಮಿನಲ್ಲಿ ಬಿದ್ದಿದ್ದ ಸೀಟು ಹೊಸದರಂತೆಯೇ ಹೊಳೆಯುತ್ತಿದ್ದರೂ ಅದರ ಅವಧಿಯ ಒಂದು ಭಾಗ ಆಗಲೇ ಕಳೆದಿರುತ್ತದೆ. ನಾನು ತೆಗೆದುಕೊಂಡದ್ದು 8855-1999ರ, ಫೈಬರ್‌ಗ್ಲಾಸ್ ಶೆಲ್ಲಿನ (ಗಟ್ಟಿ ಕವಚದ), ಬದಿಯಿಂದ ಬೋಲ್ಟ್ ಹಾಕುವ ಬಗೆಯ, ಮೈಯನ್ನು ಎರಡೂ ಪಕ್ಕದಿಂದ ಹಿಡಿಯುವ ಬಕೆಟ್ ಸೀಟು. ಬೆನ್ನು ಹಿಂದಕ್ಕೆ ಮಡಚದ ಇಂತಹ ಸೀಟನ್ನು ಬಹುಬಿಂದು ಹಾರ್ನೆಸ್‌ನೊಂದಿಗೆ (ಹಲವು ಕಡೆ ಕಾರಿಗೆ ಸಿಕ್ಕಿಸುವ ರೇಸಿಂಗ್ ಬೆಲ್ಟು) ಬಳಸಿದಾಗ ಕಾರು ಪಲ್ಟಿಯಾದರೂ ಮೈ ನೆಟ್ಟಗೆ ನಿಂತಿರುತ್ತದೆ, ಕುಸಿಯುವ ಛಾವಣಿಯಿಂದ ಬಾಗಿ ತಪ್ಪಿಸಿಕೊಳ್ಳಲಾಗದು. ಆದ್ದರಿಂದ ಮೇಲ್ಛಾವಣಿ ಕುಸಿಯದಂತೆ ತಡೆಯುವ ರೋಲ್ ಬಾರ್ ಇಲ್ಲದ ಕಾರಿಗೆ ಇದನ್ನು ಹಾಕುವುದು ಸಲ್ಲದು ಎಂಬುದು ನನ್ನ ದೃಢವಾದ ಅಭಿಪ್ರಾಯ. ನನ್ನ ಕಾರಿನಲ್ಲಿ ರೋಲ್ ಬಾರ್ ಮತ್ತು ಅದಕ್ಕೇ ಸೇರಿದ ಹಾರ್ನೆಸ್ ಅಡ್ಡಪಟ್ಟಿ ಮೊದಲೇ ಇದ್ದವು.

ನಿಜವಾದ ಯೋಚನೆ ಶುರುವಾದದ್ದು ಮೌಂಟ್‌ಗಳ ವಿಷಯದಲ್ಲಿ. ಸೀಟನ್ನು ಕೊಳ್ಳುವಾಗ ಲೇಬಲ್ಲು, ಪ್ರಮಾಣಪತ್ರ ಎಲ್ಲ ಕೇಳುವ ನಾವು, ಅದೇ ಸೀಟನ್ನು ನೆಲಕ್ಕೆ ಕಟ್ಟಿಹಾಕುವ ಕಬ್ಬಿಣದ ತುಂಡುಗಳನ್ನು ಕೈಗೆ ಸಿಕ್ಕಿದಲ್ಲಿ ಕೊಂಡುಬಿಡುತ್ತೇವೆ. ಒಂದು ಸರಳ ಲೆಕ್ಕ ನೋಡಿ. 75 ಕಿಲೋ ತೂಕದ ಮನುಷ್ಯನ ಮೇಲೆ ಅಪಘಾತದಲ್ಲಿ ಗುರುತ್ವದ 20 ಪಟ್ಟು ವೇಗೋತ್ಕರ್ಷ ಬಿದ್ದರೆ ಉಂಟಾಗುವ ಬಲ ಸುಮಾರು 14,700 ನ್ಯೂಟನ್, ಅಂದರೆ ಒಂದೂವರೆ ಟನ್ ಭಾರ ಜಗ್ಗಿದಷ್ಟು. ಮುಂದಿನಿಂದ ಹೊಡೆತ ಬಿದ್ದಾಗ ಇದರ ಬಹುಪಾಲನ್ನು ಹಾರ್ನೆಸ್ ನೇರವಾಗಿ ಕಾರಿನ ಚೌಕಟ್ಟಿಗೆ ಸಾಗಿಸುತ್ತದೆ. ಹಿಂದಿನಿಂದ ಹೊಡೆತ ಬಿದ್ದರೆ ಮಾತ್ರ ಇಡೀ ದೇಹ ಸೀಟಿನ ಬೆನ್ನಿಗೆ ಅಪ್ಪಳಿಸಿ, ಆ ಬಲವೆಲ್ಲ ಬದಿಯ ಬ್ರಾಕೆಟ್ಟುಗಳ ಮೂಲಕವೇ ನೆಲಕ್ಕೆ ಇಳಿಯಬೇಕಾಗುತ್ತದೆ. ಅಲ್ಲಿ ಒಂದು ತೆಳು ತಗಡು ಬಾಗಿದರೆ ಲೇಬಲ್ ಇರುವ ಸೀಟಿನಿಂದ ಏನೂ ಪ್ರಯೋಜನವಿಲ್ಲ.

ಎಫ್‌ಐಎ ನಿಯಮಾವಳಿಯ ಅನುಬಂಧ ಜೆ ಇದಕ್ಕೆ ಸ್ಪಷ್ಟವಾದ ಕನಿಷ್ಠ ಅಳತೆಗಳನ್ನು ಕೊಡುತ್ತದೆ. ಸೀಟಿನ ಆಧಾರವನ್ನು ಕಾರಿನ ಬಾಡಿಗೆ ಕನಿಷ್ಠ ನಾಲ್ಕು ಕಡೆ 8 ಮಿಲಿಮೀಟರಿಗೆ ಕಡಿಮೆಯಿಲ್ಲದ ಬೋಲ್ಟುಗಳಿಂದ ಬಿಗಿಯಬೇಕು. ಆಧಾರ ಮತ್ತು ನೆಲದಡಿಯ ಒತ್ತುಫಲಕದ ದಪ್ಪ ಉಕ್ಕಿನದಾದರೆ 3 ಮಿಲಿಮೀಟರ್, ಹಗುರ ಮಿಶ್ರಲೋಹದ್ದಾದರೆ 5 ಮಿಲಿಮೀಟರ್ ಇರಬೇಕು. ಪ್ರತಿ ಬಿಂದುವಿನಲ್ಲಿ ಆಧಾರ, ನೆಲ ಮತ್ತು ಫಲಕ ಒಂದಕ್ಕೊಂದು ತಾಗುವ ವಿಸ್ತೀರ್ಣ 40 ಚದರ ಸೆಂಟಿಮೀಟರಿಗಿಂತ ಕಡಿಮೆಯಾಗಬಾರದು. ನಾನು ಸ್ಪರ್ಧೆಗೆ ಇಳಿಯುವವನಲ್ಲದಿದ್ದರೂ ಈ ಅಂಕಿಗಳನ್ನೇ ಮುಂದಿಟ್ಟುಕೊಂಡು ಕೆಲಸ ಮಾಡಿದೆ. ಕಾರಿನ ನೆಲದ ತಗಡು ಒಂದು ಮಿಲಿಮೀಟರಿನ ಆಸುಪಾಸಿನದು. ಅದರಲ್ಲಿ ಬೇಕಾದಲ್ಲಿ ತೂತು ಕೊರೆದು ಬರೀ ವಾಷರ್ ಹಾಕಿ ಬಿಗಿದರೆ ಬೋಲ್ಟ್ ಮುರಿಯುವುದಕ್ಕಿಂತ ಮೊದಲು ತಗಡೇ ಹರಿದು ಬರುತ್ತದೆ. ಕಾರ್ಖಾನೆಯವರು ಮೂಲ ಸೀಟಿಗಾಗಿ ಬಿಟ್ಟಿರುವ ನಾಲ್ಕು ಜಾಗಗಳಲ್ಲಿ ಬಲವರ್ಧನೆ ಮೊದಲೇ ಇರುವುದರಿಂದ, ಆ ನಾಲ್ಕನ್ನೇ ಬಳಸಿಕೊಳ್ಳುವಂತೆ ನನ್ನ ಕಾರಿನ ಮಾದರಿಗೆಂದೇ ಬೇರೆ ತಯಾರಕರು ಮಾಡಿದ ಉಕ್ಕಿನ ಬೇಸ್ ಫ್ರೇಮನ್ನು ಆರಿಸಿಕೊಂಡೆ. ಅದರ ಮೇಲೆ 3 ಮಿಲಿಮೀಟರ್ ಉಕ್ಕಿನ ಎರಡು ಎಲ್ ಆಕಾರದ ಬದಿಯ ಬ್ರಾಕೆಟ್ಟುಗಳು ನಿಲ್ಲುತ್ತವೆ, ಅವುಗಳ ನಡುವೆ ಸೀಟು ತೂಗುತ್ತದೆ.

ಸೀಟನ್ನು ಹಿಂದೆಮುಂದೆ ಸರಿಸುವ ಸ್ಲೈಡರ್ ಬೇಕೇ ಬೇಡವೇ ಎಂಬುದು ಬೇಗ ಇತ್ಯರ್ಥವಾಯಿತು. ಈ ಕಾರನ್ನು ನಾನೊಬ್ಬನೇ ಓಡಿಸುವುದು. ಸ್ಲೈಡರ್ ಹಾಕಿದರೆ ಸೀಟು ಸುಮಾರು ಎರಡು ಸೆಂಟಿಮೀಟರ್ ಮೇಲೇಳುತ್ತದೆ, ಎಷ್ಟೇ ಒಳ್ಳೆಯದಾದರೂ ಒಂದಿಷ್ಟು ಸಡಿಲ ಉಳಿದೇ ಉಳಿಯುತ್ತದೆ. ಇಬ್ಬರು ಚಾಲಕರಿರುವ ಕಾರಿಗೆ ಎರಡೂ ಹಳಿಗಳಲ್ಲಿ ಲಾಕ್ ಬೀಳುವ ಸ್ಲೈಡರ್ ಅಗತ್ಯವಾಗಬಹುದು. ನನಗೆ ನೇರವಾಗಿ ಬೋಲ್ಟ್ ಮಾಡುವುದೇ ಸರಿ ಎನಿಸಿತು.

ಹಳೆಯ ಸೀಟನ್ನು ಕಳಚುವ ಮೊದಲು ಬ್ಯಾಟರಿಯ ಋಣ ತಂತಿಯನ್ನು ತೆಗೆದು, ಏರ್‌ಬ್ಯಾಗ್ ಘಟಕದ ಕೆಪಾಸಿಟರ್‌ನಲ್ಲಿ ಉಳಿದ ವಿದ್ಯುತ್ತು ಇಳಿದುಹೋಗಲೆಂದು ಕೈಪಿಡಿ ಹೇಳಿದಷ್ಟು ಹೊತ್ತು ಕಾದೆ. ಸೀಟಿನ ಪಕ್ಕೆಯಲ್ಲಿ ಏರ್‌ಬ್ಯಾಗ್ ಇರುವ ಕಾರುಗಳಲ್ಲಿ ಹಳದಿ ಕನೆಕ್ಟರನ್ನು ಮುಟ್ಟುವುದು ಆಮೇಲೆಯೇ. ಕಳಚಿದ ಸೀಟನ್ನು ಏರ್‌ಬ್ಯಾಗಿನ ಬಾಯಿ ಯಾವುದಕ್ಕೂ ಒತ್ತಿಕೊಳ್ಳದ ಹಾಗೆ ಪ್ರತ್ಯೇಕವಾಗಿ ಇರಿಸಬೇಕು. ನನ್ನ ಕಾರು ಟ್ರೈಲರ್ ಮೇಲೆ ಹೋಗಿಬರುವುದರಿಂದ ಇಷ್ಟಕ್ಕೆ ಮುಗಿಯಿತು. ರಸ್ತೆಯಲ್ಲೂ ಓಡಿಸುವ ಕಾರಾದರೆ ಮೂಲ ಸೀಟು, ಏರ್‌ಬ್ಯಾಗ್, ಬೆಲ್ಟುಗಳನ್ನು ತೆಗೆಯುವುದಕ್ಕೆ ಕಾನೂನು ಮತ್ತು ವಿಮೆ ಏನು ಹೇಳುತ್ತವೆ ಎಂಬುದನ್ನು ನೋಡಿಯೇ ಕೈಹಚ್ಚಬೇಕು. ನೆಲದ ನಾಲ್ಕು ಬೋಲ್ಟುಗಳಲ್ಲಿ ಹಿಂದಿನವೆರಡು ತುಕ್ಕು ಹಿಡಿದಿದ್ದವು. ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಕಾಲು ಸುತ್ತು ಹಿಂದೆ, ಕಾಲು ಸುತ್ತು ಮುಂದೆ ಎಂದು ಸಮಾಧಾನದಿಂದ ತಿರುಗಿಸುತ್ತ ಹೊರತೆಗೆದೆ. ನೆಲದೊಳಗೆ ಬೆಸೆದಿರುವ ನಟ್‌ಗಳ ಮರೆಯನ್ನು (ತಿರುಪಿನ ಸುರುಳಿಗೆರೆಯನ್ನು) ಅದನ್ನು ಕೊರೆಯುವ ಉಪಕರಣವಾದ ಟ್ಯಾಪ್ ಹಾಯಿಸಿ ಶುಚಿ ಮಾಡಿದ್ದರಿಂದ ಮುಂದೆ ಹೊಸ ಬೋಲ್ಟುಗಳು ಬೆರಳಲ್ಲೇ ಕೊನೆಯವರೆಗೂ ಇಳಿದವು.

ಇನ್ನು ಮುಂದಿನದು ನನಗೆ ಇಡೀ ಕೆಲಸದ ತಿರುಳು. ಬ್ರಾಕೆಟ್ಟುಗಳನ್ನು ಬಿಗಿಯುವ ಮುಂಚೆ ಸೀಟನ್ನು ಖಾಲಿ ನೆಲದ ಮೇಲೆ ಮರದ ತುಂಡುಗಳ ಆಸರೆಯಲ್ಲಿಟ್ಟು, ಓಡಿಸುವಾಗ ತೊಡುವ ಬೂಟು, ಕೈಗವಸು, ಹೆಲ್ಮೆಟ್ ಎಲ್ಲ ಹಾಕಿಕೊಂಡು ಕುಳಿತೆ. ಗೆಳೆಯನೊಬ್ಬ ಹೊರಗೆ ನಿಂತು ಅಳತೆ ಹಿಡಿದ. ಕ್ಲಚ್ಚನ್ನು ಪೂರ್ತಿ ತುಳಿದಾಗಲೂ ಮೊಣಕಾಲು ಸ್ವಲ್ಪ ಮಡಚಿರಬೇಕು. ಬ್ರೇಕನ್ನು ಬಲವಾಗಿ ಒತ್ತಿದಾಗ ಬೆನ್ನು ಸೀಟಿಗೆ ಒತ್ತಿಕೊಳ್ಳಬೇಕೇ ಹೊರತು ಸೊಂಟ ಮುಂದಕ್ಕೆ ಸರಿಯಬಾರದು. ಭುಜಗಳು ಸೀಟಿಗೆ ತಾಗಿರುವಂತೆಯೇ ಕೈ ಚಾಚಿದರೆ ಮಣಿಕಟ್ಟು ಸ್ಟೀರಿಂಗ್ ಚಕ್ರದ ನೆತ್ತಿಯ ಮೇಲೆ ಕೂರಬೇಕು. ಹೆಲ್ಮೆಟ್ಟಿಗೂ ಛಾವಣಿಗೂ ನಡುವೆ ಐದು ಸೆಂಟಿಮೀಟರಿನಷ್ಟಾದರೂ ತೆರಪಿರಬೇಕು, ತಲೆಯ ಹತ್ತಿರ ಬರುವ ರೋಲ್ ಬಾರಿನ ಭಾಗಕ್ಕೆ ಗಟ್ಟಿಯಾದ ರಕ್ಷಣಾ ಪ್ಯಾಡ್ ಇರಬೇಕು. ಇವೆಲ್ಲವನ್ನೂ ಒಂದೇ ಸಲ ಹೊಂದಿಸುವುದು ಸುಲಭವಲ್ಲ. ಒಂದನ್ನು ಸರಿಪಡಿಸಿದರೆ ಇನ್ನೊಂದು ತಪ್ಪುತ್ತದೆ.

ವಾಲಿಕೆಯ ಉದಾಹರಣೆ ಕೊಡುತ್ತೇನೆ. ಬದಿಯ ಬ್ರಾಕೆಟ್ಟುಗಳಲ್ಲಿ ಮುಂದೆಯೂ ಹಿಂದೆಯೂ ಎತ್ತರ ಬದಲಿಸಲು ಮೇಲೆ ಕೆಳಗೆ ಹಲವು ತೂತುಗಳಿರುತ್ತವೆ. ಮುಂದಿನ ಬೋಲ್ಟನ್ನು ಒಂದು ತೂತು ಮೇಲಕ್ಕೆ ಏರಿಸಿದರೆ ತೊಡೆಗಳಿಗೆ ಒಳ್ಳೆಯ ಆಸರೆ ಸಿಗುತ್ತದೆ, ಬ್ರೇಕ್ ಹಾಕಿದಾಗ ಮುಂದಕ್ಕೆ ಜಾರುವುದು ನಿಲ್ಲುತ್ತದೆ. ಆದರೆ ಸುಮಾರು 90 ಸೆಂಟಿಮೀಟರ್ ಎತ್ತರದ ಶೆಲ್ ಒಂದು ಡಿಗ್ರಿ ಹಿಂದಕ್ಕೆ ವಾಲಿದರೂ ಮೇಲ್ತುದಿ ಒಂದೂವರೆ ಸೆಂಟಿಮೀಟರಿನಷ್ಟು ಹಿಂದೆ ಹೋಗುತ್ತದೆ. ನನ್ನ ಬ್ರಾಕೆಟ್ಟಿನಲ್ಲಿ ಒಂದು ತೂತು ಎಂದರೆ ಎರಡು ಡಿಗ್ರಿಗೂ ಹೆಚ್ಚು. ಹಾಗೆ ವಾಲಿಸಿದ ಕೂಡಲೇ ಮಣಿಕಟ್ಟು ಚಕ್ರದಿಂದ ದೂರವಾಯಿತು, ಹೆಲ್ಮೆಟ್ ರೋಲ್ ಬಾರಿನ ಸಮೀಪಕ್ಕೆ ಹೋಯಿತು. ಅದನ್ನು ಸರಿದೂಗಿಸಲು ಇಡೀ ಸೀಟನ್ನು ಮುಂದಕ್ಕೆ ತಂದರೆ ಮೊಣಕಾಲು ಸ್ಟೀರಿಂಗ್ ಕಂಬಕ್ಕೆ ತಾಗುತ್ತಿತ್ತು. ಕೊನೆಗೆ ಹಿಂದಿನ ಬೋಲ್ಟನ್ನೂ ಒಂದು ತೂತು ಮೇಲೇರಿಸಿ, ಸ್ಟೀರಿಂಗ್ ಚಕ್ರವನ್ನೇ ಸ್ವಲ್ಪ ಹತ್ತಿರಕ್ಕೆ ತರುವ ಸ್ಪೇಸರ್ ಹಾಕುವುದೇ ನೆಟ್ಟಗಿನ ಪರಿಹಾರವೆಂದು ಗೊತ್ತಾಯಿತು. ಛಾವಣಿಯಿಂದ ಹೆಲ್ಮೆಟ್ಟಿಗೆ ಆಗಲೂ ಬೇಕಾದಷ್ಟು ತೆರಪು ಉಳಿದಿತ್ತು.

ಅಡ್ಡ ದಿಕ್ಕಿನ ಹೊಂದಾಣಿಕೆಗೂ ಇಷ್ಟೇ ಎಚ್ಚರ ಬೇಕಾಯಿತು. ಸ್ಟೀರಿಂಗ್ ಚಕ್ರದ ನಟ್ಟನಡುವಿನಿಂದ ಹಿಂದಕ್ಕೆ ಒಂದು ದಾರ ಎಳೆದು, ಅದಕ್ಕೆ ಗುಂಡು ಕಟ್ಟಿ ಇಳಿಬಿಟ್ಟು ನೋಡಿದಾಗ ಸೀಟಿನ ನಡುಗೆರೆ ಚಕ್ರದ ನಡುಗೆರೆಗಿಂತ ಒಂದು ಬೆರಳಿನಷ್ಟು ಬಾಗಿಲ ಕಡೆಗಿತ್ತು. ಕಾರಿನ ನಡುವೆ ನೆಲದಿಂದ ಉಬ್ಬಿರುವ ಗೇರ್ ಟನಲ್ ಕಡೆಗೆ ಸರಿಸೋಣವೆಂದರೆ ಬ್ರಾಕೆಟ್ಟಿನ ಹೊರಚಾಚಿದ ಪಾದಕ್ಕೂ ಟನಲ್ಲಿಗೂ ನಡುವೆ ಒಂದು ಪೆನ್ಸಿಲ್ ತೂರುವಷ್ಟು ಸಂದಿ ಮಾತ್ರ ಇತ್ತು. ಆ ಕಡೆಯ ಬ್ರಾಕೆಟ್ಟನ್ನು ಹೊರಮುಖವಾಗಿಡುವ ಬದಲು ಒಳಮುಖವಾಗಿ ತಿರುಗಿಸಿ ಹಾಕಿದಾಗ ಅದರ ಪಾದ ಸೀಟಿನ ಅಡಿಗೆ ಸೇರಿಕೊಂಡು, ಬೇಕಾದ ಜಾಗ ಸಿಕ್ಕಿತು. ಶೆಲ್ ಟನಲ್ಲಿಗೆ ತಾಗಿ ಉಜ್ಜುವಂತಿರಬಾರದು. ತಾಗಿದರೆ ಸದ್ದು ಬರುವುದಷ್ಟೇ ಅಲ್ಲ, ಕಾಲಕ್ರಮದಲ್ಲಿ ಫೈಬರ್ ಸವೆದು ಸೀಳು ಬೀಳುತ್ತದೆ.

ಸ್ಥಾನ ಖಚಿತವಾದ ಮೇಲೆ ಪ್ರತಿ ಅಳತೆಯನ್ನೂ ಪುಸ್ತಕದಲ್ಲಿ ಬರೆದುಕೊಂಡು ಬೇಸ್ ಫ್ರೇಮನ್ನು ಇಳಿಸಿದೆ. ನಾಲ್ಕರಲ್ಲಿ ಒಂದು ತೂತು ಎರಡು ಮಿಲಿಮೀಟರಿನಷ್ಟು ಪಕ್ಕಕ್ಕಿತ್ತು. ವೆಲ್ಡಿಂಗ್ ಶಾಖಕ್ಕೆ ಫ್ರೇಮು ಎಳೆದುಕೊಂಡಿದ್ದರಿಂದ ಹೀಗಾಗಿರಬೇಕು. ಬೋಲ್ಟನ್ನು ಓರೆಯಾಗಿ ತೂರಿಸಿ ಸ್ಪ್ಯಾನರ್ ಬಲದಿಂದ ಎಳೆಯುವುದು ಇಂತಹ ಕಡೆ ಮಾಡಲೇಬಾರದ ಕೆಲಸ. ದುಂಡು ಅರದಿಂದ ಫ್ರೇಮಿನ ತೂತನ್ನು ಮಾತ್ರ ಬೇಕಾದಷ್ಟೇ ಉದ್ದ ಮಾಡಿ, ಅದರ ಮೇಲೆ ಅಗಲವೂ ದಪ್ಪವೂ ಆದ ವಾಷರ್ ಕೂರಿಸಿದೆ. ವ್ಯತ್ಯಾಸ ಇದಕ್ಕಿಂತ ಹೆಚ್ಚಿದ್ದರೆ ಫ್ರೇಮನ್ನು ಹಿಂದಿರುಗಿಸುತ್ತಿದ್ದೆ. ಬೋಲ್ಟು, ವಾಷರುಗಳು ಕೂರುವ ಜಾಗದಲ್ಲಿ ದಪ್ಪನೆಯ ಪೌಡರ್ ಕೋಟಿಂಗ್ ಇತ್ತು, ಅದನ್ನೂ ಕೆರೆದು ತೆಗೆದೆ. ಒತ್ತಡಕ್ಕೆ ಬಣ್ಣದ ಪದರ ನಿಧಾನವಾಗಿ ಕುಗ್ಗುತ್ತದೆ, ಅದು ಕುಗ್ಗಿದಷ್ಟೂ ಬೋಲ್ಟಿನ ಬಿಗಿ ಇಳಿಯುತ್ತದೆ. ಕೆರೆದ ಜಾಗಕ್ಕೆ ತುಕ್ಕು ಬಾರದಂತೆ ತೆಳುವಾದ ಪ್ರೈಮರ್ ಸಾಕು.

ಬೋಲ್ಟುಗಳ ಬಗ್ಗೆ ಇನ್ನಷ್ಟು ಹೇಳಲೇಬೇಕು, ಏಕೆಂದರೆ ನಾನು ನೋಡಿರುವ ಹೆಚ್ಚಿನ ಕೆಟ್ಟ ಜೋಡಣೆಗಳಲ್ಲಿ ದೋಷ ಇರುವುದು ಇಲ್ಲಿಯೇ. ಸೀಟಿನ ಪಕ್ಕೆಗಳಲ್ಲಿ ಬೋಲ್ಟ್ ಹಿಡಿಯಲೆಂದು ಹುದುಗಿಸಿದ, ಎಂ8 (8 ಮಿಲಿಮೀಟರ್ ವ್ಯಾಸದ) ಮರೆಯ ಎರಡೆರಡು ಲೋಹದ ಇನ್ಸರ್ಟ್‌ಗಳಿದ್ದವು. ಅವುಗಳ ನಡುವಿನ ದೂರ 290 ಮಿಲಿಮೀಟರ್. ಬೋಲ್ಟ್ ಗಿಡ್ಡವಾದರೆ ಹಿಡಿಯುವ ಮರೆ ಸಾಲದು, ಉದ್ದವಾದರೆ ತುದಿ ಒಳಗೆ ತಗಲಿ, ಬಿಗಿಯಾದಂತೆ ತೋರಿದರೂ ಬ್ರಾಕೆಟ್ ಸಡಿಲವಾಗಿಯೇ ಉಳಿಯುತ್ತದೆ ಅಥವಾ ಶೆಲ್ಲಿನ ಒಳಪದರವನ್ನು ತಳ್ಳುತ್ತದೆ. ಇನ್ಸರ್ಟಿನ ಆಳವನ್ನು ತೆಳುವಾದ ಕಡ್ಡಿಯಿಂದ ಅಳೆದು, ಬ್ರಾಕೆಟ್, ವಾಷರ್, ಸ್ಪೇಸರ್‌ಗಳ ದಪ್ಪ ಕೂಡಿಸಿ, ಕನಿಷ್ಠ 8 ಮಿಲಿಮೀಟರ್ ಮರೆ ಒಳಗೆ ಹಿಡಿಯುವಂತೆ ಪ್ರತಿ ಬೋಲ್ಟಿನ ಉದ್ದವನ್ನು ಬೇರೆಬೇರೆಯಾಗಿ ಲೆಕ್ಕ ಹಾಕಿದೆ. ಫ್ರೇಮಿನೊಂದಿಗೆ ಅಂದವಾದ ಸ್ಟೇನ್‌ಲೆಸ್ ಬೋಲ್ಟುಗಳು ಬಂದಿದ್ದವು, ಅವನ್ನು ಪಕ್ಕಕ್ಕಿಟ್ಟೆ. ಎ2-70 ಗುರುತಿನ ಸ್ಟೇನ್‌ಲೆಸ್ ಬೋಲ್ಟಿನ ಎಳೆತ ತಾಳುವ ಸಾಮರ್ಥ್ಯ 700 ಮೆಗಾಪ್ಯಾಸ್ಕಲ್, ತಲೆಯ ಮೇಲೆ 8.8 ಎಂದಿರುವ ಉಕ್ಕಿನ ಬೋಲ್ಟಿನದು 800. ಶಾಶ್ವತವಾಗಿ ಹಿಗ್ಗಿಹೋಗುವ ಮಟ್ಟವನ್ನು ನೋಡಿದರೆ ಅಂತರ ಇನ್ನೂ ದೊಡ್ಡದು, 450ಕ್ಕೆ ಎದುರಾಗಿ 640. ತಲೆಯ ಮೇಲೆ ಯಾವ ಗುರುತೂ ಇಲ್ಲದ ಬೋಲ್ಟನ್ನಂತೂ ಸೀಟಿನ ಹತ್ತಿರಕ್ಕೂ ತರಬಾರದು.

ಬ್ರಾಕೆಟ್ಟಿಗೂ ಶೆಲ್ಲಿಗೂ ನಡುವೆ ಒಂದು ಬದಿಯಲ್ಲಿ ನಾಲ್ಕು ಮಿಲಿಮೀಟರ್ ಸಂದಿ ಉಳಿದಿತ್ತು. ಬೋಲ್ಟ್ ಬಿಗಿದರೆ ಬ್ರಾಕೆಟ್ ಬಾಗಿ ಸಂದಿ ಮುಚ್ಚಿಹೋಗುತ್ತದೆ, ಹೊರಗಿನಿಂದ ನೋಡಿದವರಿಗೆ ಗೊತ್ತಾಗುವುದೂ ಇಲ್ಲ. ಆದರೆ ಹಾಗೆ ಎಳೆದು ಕೂರಿಸಿದ ಶೆಲ್ ಸದಾ ತಿರುಚಿಕೊಂಡೇ ಇರುತ್ತದೆ. ತೆಳು ವಾಷರುಗಳನ್ನು ಒಂದರ ಮೇಲೊಂದು ಪೇರಿಸುವುದೂ ಸರಿಯಲ್ಲ. ಆ ಪೇರಿಕೆ ಜರುಗಿದರೆ ಬೋಲ್ಟ್ ಬಿಗಿಹಿಡಿಯುವ ಬದಲು ಬಾಗುತ್ತ ಭಾರ ಹೊರಬೇಕಾಗುತ್ತದೆ. ಒಂದೇ ತುಂಡಿನ ನಾಲ್ಕು ಮಿಲಿಮೀಟರ್ ಉಕ್ಕಿನ ಸ್ಪೇಸರನ್ನು ಲೇತ್‌ನಲ್ಲಿ ಮಾಡಿಸಿ ಹಾಕಿದ ಮೇಲೆ ಸೀಟು ಯಾವ ಒತ್ತಾಯವೂ ಇಲ್ಲದೆ ಬ್ರಾಕೆಟ್ಟುಗಳ ನಡುವೆ ತಾನಾಗಿ ಇಳಿಯಿತು. ಎಲ್ಲ ಬೋಲ್ಟುಗಳನ್ನೂ ಮೊದಲು ಬೆರಳಲ್ಲೇ ತಿರುಗಿಸಿ, ಒಂದೂ ಓರೆ ಹಿಡಿದಿಲ್ಲವೆಂದು ಖಾತ್ರಿಯಾದ ಮೇಲೆ ನೆಲದವನ್ನು ಕಾರಿನ ಕೈಪಿಡಿಯ ಟಾರ್ಕಿಗೂ (ತಿರುಗಿಸಿ ಬಿಗಿಯುವ ಬಲದ ಅಳತೆ) ಸೀಟಿನವನ್ನು ಸೀಟು ತಯಾರಕರು ಸೂಚಿಸಿದ ಟಾರ್ಕಿಗೂ ಬಿಗಿದೆ. 8.8 ದರ್ಜೆಯ ಎಂ8 ಬೋಲ್ಟಿಗೆ ಸಾಮಾನ್ಯವಾಗಿ 25 ನ್ಯೂಟನ್ ಮೀಟರ್ ಎನ್ನುತ್ತಾರೆ, ಆದರೆ ಫೈಬರ್ ಶೆಲ್ಲಿನಲ್ಲಿ ಕೂತ ಇನ್ಸರ್ಟಿನ ತಾಳಿಕೆಯನ್ನು ಬಲ್ಲವರು ಅದನ್ನು ಮಾಡಿದವರೇ ಆದ್ದರಿಂದ ಅವರ ಅಂಕಿಯೇ ಅಂತಿಮ. ಬಿಗಿದಾದ ಮೇಲೆ ಪ್ರತಿ ಬೋಲ್ಟಿನ ತಲೆಯಿಂದ ಬ್ರಾಕೆಟ್ಟಿನವರೆಗೆ ಹಳದಿ ಬಣ್ಣದ ಗೆರೆ ಎಳೆದೆ. ಬೋಲ್ಟ್ ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿದು ಕಾಣುತ್ತದೆ.

ಸೀಟಿನ ಎತ್ತರ ಬದಲಾದದ್ದರಿಂದ ಆರು ಬಿಂದುಗಳ ಹಾರ್ನೆಸ್ಸನ್ನು ಮತ್ತೆ ಹೊಂದಿಸಬೇಕಾಯಿತು. ಭುಜದ ಪಟ್ಟಿಗಳು ಸೀಟಿನ ತೂತಿನಿಂದ ಹಿಂದಕ್ಕೆ ಅಡ್ಡಪಟ್ಟಿಯವರೆಗೆ ಹೆಚ್ಚು ಕಡಿಮೆ ಸಮತಲವಾಗಿ, ಇಳಿದರೂ ತುಸುವೇ ಇಳಿಯುವಂತೆ ಹೋಗಬೇಕು. ಕಡಿದಾಗಿ ಕೆಳಗೆ ಇಳಿದರೆ ಅಪಘಾತದಲ್ಲಿ ಅವು ಬೆನ್ನುಮೂಳೆಯನ್ನು ಕೆಳಮುಖವಾಗಿ ಒತ್ತುತ್ತವೆ. ಸೊಂಟದ ಪಟ್ಟಿ ಹೊಟ್ಟೆಯ ಮೇಲೆ ಬಾರದೆ ಸೊಂಟದ ಮೂಳೆಗಳ ಮೇಲೆಯೇ ಕೂರಬೇಕು. ನಡುವಿನ ಎರಡು ಪಟ್ಟಿಗಳು ಅದನ್ನು ಮೇಲೇರದಂತೆ ಹಿಡಿದಿರುತ್ತವೆ. ಇಲ್ಲಿ ಗಮನಿಸಬೇಕಾದ ಒಂದು ಸಂಗತಿ ಕಂಡಿತು. ಸೊಂಟದ ಪಟ್ಟಿ ಶೆಲ್ಲಿನ ಪಕ್ಕದ ತೂತಿನಿಂದ ಹೊರಬಂದು ನೆಲದ ಕೊಂಡಿಗೆ ಇಳಿಯುವ ದಾರಿಯಲ್ಲಿ ಬ್ರಾಕೆಟ್ಟಿನ ಮೇಲಂಚಿಗೆ ತಾಗುತ್ತಿತ್ತು. ಲೇಸರ್‌ನಿಂದ ಕತ್ತರಿಸಿದ ಆ ಅಂಚಿನ ಮೇಲೆ ಉಗುರು ಎಳೆದರೆ ಉಗುರೇ ಹೆರೆದು ಬರುವಷ್ಟು ಹರಿತವಿತ್ತು. ಪಟ್ಟಿಗೆ ಪೂರ್ತಿ ಬಲ ಬೀಳುವ ಗಳಿಗೆಯಲ್ಲಿ ಅದು ನೇಯ್ಗೆಯನ್ನು ಕುಯ್ದುಬಿಡಬಹುದಿತ್ತು. ಬ್ರಾಕೆಟ್ಟುಗಳನ್ನು ಕಳಚಿ, ಅಂಚುಗಳನ್ನು ಅರದಿಂದ ದುಂಡಗೆ ಮಾಡಿ, ಮರಳುಕಾಗದದಿಂದ ನುಣುಪುಗೊಳಿಸಿದೆ. ಕೊಂಡಿಯನ್ನೂ ಸ್ವಲ್ಪ ತಿರುಗಿಸಿ ಪಟ್ಟಿ ಅಂಚನ್ನು ಮುಟ್ಟದೆಯೇ ಇಳಿಯುವಂತೆ ಮಾಡಿದೆ. ಜೋಡಣೆಯ ಸೂಚನಾಪತ್ರದಲ್ಲಿ ಇದರ ಪ್ರಸ್ತಾಪವೇ ಇರಲಿಲ್ಲ. ಹಾರ್ನೆಸ್ ತೊಟ್ಟು ಬಿಗಿದುಕೊಂಡ ಮೇಲೆಯೇ ಪಟ್ಟಿಯ ನಿಜವಾದ ದಾರಿ ಕಾಣುವುದರಿಂದ ಕುಳಿತು, ಬಿಗಿದು, ಬೇರೆಯವರಿಂದ ಹೊರಗಿನಿಂದ ನೋಡಿಸುವುದು ಅವಶ್ಯ.

ಟ್ರ್ಯಾಕ್‌ಗೆ ಇಳಿದ ಮೊದಲ ಸುತ್ತುಗಳನ್ನು ನಿಧಾನವಾಗಿಯೇ ಓಡಿಸಿದೆ. ವೇಗ ಏರಿಸಿದಂತೆಲ್ಲ ಬದಲಾವಣೆ ಮೊದಲು ತಿಳಿದದ್ದು ಕೈಗಳಿಗೆ. ಉದ್ದನೆಯ ತಿರುವಿನಲ್ಲಿ ಸೊಂಟವನ್ನೂ ಪಕ್ಕೆಲುಬುಗಳನ್ನೂ ಸೀಟು ಹಿಡಿದುಕೊಂಡಾಗ ಬೆರಳುಗಳ ಹಿಡಿತ ತಾನಾಗಿ ಸಡಿಲವಾಯಿತು, ಮುಂದಿನ ಟೈರುಗಳು ಜಾರಲು ತೊಡಗುವ ಮೊದಲು ಸ್ಟೀರಿಂಗ್ ಹಗುರಾಗುವುದು ಸ್ಪಷ್ಟವಾಗಿ ಗೊತ್ತಾಗತೊಡಗಿತು. ಕಾರಿನ ಹಿಂಭಾಗ ಪಕ್ಕಕ್ಕೆ ಸರಿಯುವ ಸುದ್ದಿ ಕಣ್ಣಿಗಿಂತ ಮೊದಲು ಸೊಂಟಕ್ಕೆ ಮುಟ್ಟುತ್ತಿತ್ತು. ಬ್ರೇಕಿನ ಮೇಲೆ ಕಾಲಿಟ್ಟಾಗ ಮೈ ಮುಂದಕ್ಕೆ ಹೋಗದಿದ್ದುದರಿಂದ ಪೆಡಲಿನ ಒತ್ತಡವನ್ನು ಹದವಾಗಿ ಬಿಡುತ್ತ ತಿರುವಿಗೆ ಇಳಿಯುವುದು ಸುಲಭವಾಯಿತು. ಸೀಟಿನಿಂದ ಕಾರು ವೇಗವಾಗುವುದಿಲ್ಲ ಎನ್ನುವವರಿದ್ದಾರೆ. ಕಾರಿನ ಮಟ್ಟಿಗೆ ಅದು ನಿಜವೇ, ಆದರೆ ಕಾರು ಹೇಳುವುದನ್ನು ಚಾಲಕ ಕೇಳಿಸಿಕೊಳ್ಳಲು ಟೈರಿನ ನಂತರ ಇದಕ್ಕಿಂತ ಉಪಯುಕ್ತವಾದ ಬದಲಾವಣೆಯನ್ನು ನಾನು ಕಂಡಿಲ್ಲ.

ಮಧ್ಯಾಹ್ನ ಕಾರು ತಣ್ಣಗಾದ ಮೇಲೆ ಗೆರೆಗಳನ್ನು ನೋಡಿದರೆ ಎಲ್ಲವೂ ನೇರವಾಗಿದ್ದವು. ಆದರೂ ಟಾರ್ಕ್ ವ್ರೆಂಚ್ ಹಿಡಿದು ಪರೀಕ್ಷಿಸಿದಾಗ ಅರದಿಂದ ಸರಿಪಡಿಸಿದ ತೂತಿನ ಬೋಲ್ಟ್ ನಿಗದಿತ ಬಿಗಿಗೆ ಬರುವ ಮೊದಲು ತುಸು ತಿರುಗಿತು. ತಲೆ ತಿರುಗದಿದ್ದರೂ ಅಡಿಯ ಲೋಹ ಕುಳಿತುಕೊಂಡಾಗ ಹೀಗಾಗುವುದುಂಟು, ಹಾಗಾಗಿ ಗೆರೆಯೊಂದನ್ನೇ ನಂಬುವಂತಿಲ್ಲ. ಅದನ್ನು ಸರಿಯಾದ ಟಾರ್ಕಿಗೆ ತಂದು, ಹಳೆಯ ಗೆರೆಯನ್ನು ಒರೆಸಿ ಹೊಸದನ್ನು ಎಳೆದೆ. ಮುಂದಿನ ಟ್ರ್ಯಾಕ್ ದಿನದ ಕೊನೆಯಲ್ಲಿ ನೋಡಿದಾಗ ಅದು ಅಲುಗಿರಲಿಲ್ಲ. ಈಗ ಪ್ರತಿ ಟ್ರ್ಯಾಕ್ ದಿನದ ಬೆಳಿಗ್ಗೆ ಚಕ್ರದ ನಟ್‌ಗಳಿಗೆ ವ್ರೆಂಚ್ ಹಚ್ಚುವಾಗಲೇ ಸೀಟಿನ ನಾಲ್ಕು ಮತ್ತು ನೆಲದ ನಾಲ್ಕು ಬೋಲ್ಟುಗಳಿಗೂ ಹಚ್ಚುತ್ತೇನೆ, ಇನ್ಸರ್ಟ್‌ಗಳ ಸುತ್ತ ಶೆಲ್ಲಿನಲ್ಲಿ ಕೂದಲೆಳೆಯಂಥ ಸೀಳು ಮೂಡಿದೆಯೇ ಎಂದು ಟಾರ್ಚ್ ಹಿಡಿದು ನೋಡುತ್ತೇನೆ. ಸೀಟಿನದೂ ಹಾರ್ನೆಸ್ಸಿನದೂ ಅವಧಿ ಮುಗಿಯುವ ತಿಂಗಳು, ವರ್ಷ ಅಳತೆಗಳನ್ನು ಬರೆದಿಟ್ಟ ಅದೇ ಪುಸ್ತಕದ ಮೊದಲ ಪುಟದಲ್ಲಿವೆ.